ವಿಕಲಚೇತನರ ಕ್ರೀಡೆ: ಸ್ವಯಂಸೇವಕರಾಗಿ ಸೇರಿ ಕೋಚ್ ಆಗುವ ದಾರಿ

"ವಾರಕ್ಕೆ ಒಂದೆರಡು ಗಂಟೆ ಬಿಡುವಿದೆ. ವಿಕಲಚೇತನರ ಆಟಕ್ಕೆ ಕೈಲಾದಷ್ಟು ಮಾಡಬೇಕು ಅನ್ನಿಸುತ್ತಿದೆ. ಮೊದಲು ಯಾವ ಕೋರ್ಸ್ ಮಾಡಲಿ?" ಹೀಗೆ ಕೇಳುವವರು ಜಾಸ್ತಿ. ನನ್ನ ಉತ್ತರ ಯಾವಾಗಲೂ ಒಂದೇ: ಕೋರ್ಸ್ ಆಮೇಲೆ, ಮೊದಲು ಮೈದಾನಕ್ಕೆ ಹೋಗಿ. ಕೆಲವು ವಾರ ಚೆಂಡು ಎತ್ತಿಕೊಟ್ಟು, ಗೆರೆ ಹಾಕಿ, ಆಟಗಾರರ ಹೆಸರು ಕಲಿತ ಮೇಲೆ ಕೋರ್ಸಿಗೆ ಕೂತರೆ, ಅಲ್ಲಿ ಹೇಳುವ ಪ್ರತಿ ಮಾತಿಗೂ ಕಣ್ಣ ಮುಂದೆ ಒಂದು ಮುಖ ಬರುತ್ತದೆ. ಹಾಗೆ ಕಲಿತದ್ದು ಮರೆಯುವುದಿಲ್ಲ.

ಅರ್ಹತೆ ಪತ್ರ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ಯಾಕೆ ಬೇಕು, ಯಾವುದು ಬೇಕು, ಯಾವ ಕ್ರಮದಲ್ಲಿ ಬೇಕು ಅನ್ನುವುದೇ ಈ ಬರಹ.

ಮೊದಲ ಹೆಜ್ಜೆ: ಯಾರ ಜೊತೆ, ಯಾವ ಆಟ

ವಿಕಲಚೇತನರ ಕ್ರೀಡೆ ಅಂದರೆ ಒಂದೇ ಮನೆ ಅಲ್ಲ. ಜಗತ್ತಿನಾದ್ಯಂತ ಮೂರು ದೊಡ್ಡ ಬಳಗಗಳಿವೆ. ಮುಖ್ಯವಾಗಿ ದೈಹಿಕ ಅಥವಾ ದೃಷ್ಟಿಯ ಅಸಾಮರ್ಥ್ಯ ಇರುವವರ ಪ್ಯಾರಾಲಿಂಪಿಕ್ ಬಳಗದ ಬೇರು 1948ರಲ್ಲಿದೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್ಮನ್ ಅವರು, ಯುದ್ಧದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದ 16 ಮಂದಿಗೆ ಬಿಲ್ಲುಗಾರಿಕೆ ಸ್ಪರ್ಧೆ ಏರ್ಪಡಿಸಿದರು. ಅದೇ ಬೆಳೆದು 1960ರಲ್ಲಿ ರೋಮ್‌ನ ಪ್ಯಾರಾಲಿಂಪಿಕ್ಸ್ ಆಯಿತು. ಬೌದ್ಧಿಕ ಅಸಾಮರ್ಥ್ಯ ಇರುವವರಿಗಾಗಿ ಸ್ಪೆಷಲ್ ಒಲಿಂಪಿಕ್ಸ್ ಇದೆ. ಯೂನಿಸ್ ಕೆನಡಿ ಶ್ರೈವರ್ ಅವರ ಮುಂದಾಳತ್ವದಲ್ಲಿ 1968ರಲ್ಲಿ ಶಿಕಾಗೊದಲ್ಲಿ ಶುರುವಾದದ್ದು. ಕಿವಿ ಕೇಳಿಸದವರ ಡೆಫ್‌ಲಿಂಪಿಕ್ಸ್ ಎಲ್ಲಕ್ಕಿಂತ ಹಳೆಯದು. ಅದರ ಮೊದಲ ಕೂಟ 1924ರಲ್ಲಿ ಪ್ಯಾರಿಸ್‌ನಲ್ಲಿ ನಡೆಯಿತು.

ಇದನ್ನು ತಿಳಿದುಕೊಳ್ಳುವುದರಿಂದ ಲಾಭ ಇದೆ. ಒಂದೊಂದು ಬಳಗಕ್ಕೂ ಅದರದೇ ನಿಯಮ, ಅದರದೇ ಕೋಚ್ ತರಬೇತಿ, ಅದರದೇ ರೀತಿನೀತಿ ಇರುತ್ತದೆ. ಡೆಫ್‌ಲಿಂಪಿಕ್ಸ್‌ನಲ್ಲಿ ಸ್ಪರ್ಧೆಯ ಹೊತ್ತಿಗೆ ಶ್ರವಣಯಂತ್ರ ತೆಗೆದಿಡಬೇಕು. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಸಾಮರ್ಥ್ಯ ಹತ್ತಿರ ಹತ್ತಿರ ಇರುವವರನ್ನು ಒಂದು ಗುಂಪು ಮಾಡಿ ಆಡಿಸುತ್ತಾರೆ. ನಿಮ್ಮ ಊರಿನ ಚಿಕ್ಕ ಕ್ಲಬ್ ಈ ಯಾವುದಕ್ಕೂ ಸೇರದೆ ಸುಮ್ನೆ ಸಂತೋಷಕ್ಕೆ ಆಡಿಸುತ್ತಿರಬಹುದು. ಅದೂ ಒಳ್ಳೆಯ ಜಾಗವೇ. ಮುಂದೆ ಯಾವ ತರಬೇತಿ ಹಿಡಿಯಬೇಕು ಅನ್ನುವುದು ಮಾತ್ರ ಅಲ್ಲಿ ಯಾರು ಆಡುತ್ತಾರೆ ಅನ್ನುವುದರ ಮೇಲೆ ನಿಂತಿರುತ್ತದೆ.

ಆಟ ಆರಿಸುವಾಗ ನಿಮಗೆ ಈಗಾಗಲೇ ಗೊತ್ತಿರುವ ಆಟದ ಹತ್ತಿರ ಹೋಗಿ. ಬ್ಯಾಸ್ಕೆಟ್‌ಬಾಲ್ ಆಡಿದವರು ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ಬೇಗ ಹಿಡಿಯುತ್ತಾರೆ. ಓಟಗಾರರಾಗಿದ್ದರೆ ದೃಷ್ಟಿ ಇಲ್ಲದ ಓಟಗಾರರಿಗೆ ಜೊತೆಗಾರರಾಗಬಹುದು. ಯಾವ ಆಟವೂ ಬರುವುದಿಲ್ಲ ಅಂದರೂ ಚಿಂತೆ ಬೇಡ. ಲೆಕ್ಕ ಬರೆಯುವವರು, ಸಾಮಾನು ಜೋಡಿಸುವವರು, ಗಾಡಿ ಓಡಿಸುವವರು ಇಲ್ಲದೆ ಯಾವ ಕ್ಲಬ್ಬೂ ನಡೆಯುವುದಿಲ್ಲ.

ಎರಡನೇ ಹೆಜ್ಜೆ: ಕ್ಲಬ್‌ಗೆ ಹೋಗಿ, ಕೇಳಿ, ಕೇಳಿಸಿಕೊಳ್ಳಿ

ಮೊದಲ ಭೇಟಿಯಲ್ಲಿ ನಿಮ್ಮ ಗುರುತಿನ ಚೀಟಿ, ಪರಿಚಯ ಹೇಳಬಲ್ಲ ಇಬ್ಬರ ಹೆಸರು, ಹಿನ್ನೆಲೆ ತಪಾಸಣೆಗೆ ಒಪ್ಪಿಗೆ ಕೇಳಬಹುದು. ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳೂ, ಬೇರೆಯವರ ಸಹಾಯದ ಮೇಲೆ ಬದುಕುವ ದೊಡ್ಡವರೂ ಇರುವ ಜಾಗ ಅದು. ಏನನ್ನೂ ಕೇಳದೆ ಮೊದಲ ದಿನವೇ ಮಕ್ಕಳ ಜೊತೆ ಒಬ್ಬರನ್ನೇ ಬಿಡುವ ಕ್ಲಬ್ ಸಿಕ್ಕರೆ, ನಾನಾದರೆ ಅಲ್ಲಿಗೆ ಮತ್ತೆ ಹೋಗುವುದಿಲ್ಲ.

ನೀವೂ ಕೇಳಬೇಕಾದ್ದು ಕೆಲವಿದೆ. ನನ್ನ ಜೊತೆ ಅನುಭವ ಇರುವವರು ಯಾರಿರುತ್ತಾರೆ? ಸ್ವಯಂಸೇವಕರಿಗೆ ವಿಮೆ ಇದೆಯೇ? ಏನಾದರೂ ಸರಿಯಿಲ್ಲ ಅನ್ನಿಸಿದರೆ ಯಾರಿಗೆ ಹೇಳಬೇಕು? ತರಬೇತಿಯ ಖರ್ಚು ಕ್ಲಬ್ ಕೊಡುತ್ತದೆಯೇ? ಕೊನೆಯದನ್ನು ಕೇಳಲು ಸಂಕೋಚ ಬೇಡ. ಹಲವು ಕ್ಲಬ್‌ಗಳು ಒಂದು ವರ್ಷ ಇರುತ್ತೇನೆ ಅಂದವರ ಕೋರ್ಸಿಗೆ ಹಣ ಕಟ್ಟಲು ತಯಾರಿರುತ್ತವೆ. ಕೇಳುವವರೇ ಇರುವುದಿಲ್ಲ.

ಮೂರನೇ ಹೆಜ್ಜೆ: ಸಹಾಯ ಮಾಡುವುದನ್ನು ಕಲಿಯಿರಿ

ಎಲ್ಲರೂ ಸುಲಭ ಅಂದುಕೊಳ್ಳುವ ಹೆಜ್ಜೆ ಇದು. ನನ್ನ ಪ್ರಕಾರ ಇದೇ ಕಷ್ಟದ್ದು.

ಬೊಚ್ಚಾ ಆಟವನ್ನು ಒಮ್ಮೆ ಹತ್ತಿರದಿಂದ ನೋಡಿ. ಬಿಳಿ ಚೆಂಡೊಂದನ್ನು ಮೊದಲು ಎಸೆಯುತ್ತಾರೆ. ಆಮೇಲೆ ಒಂದು ಕಡೆಯವರು ಆರು ಕೆಂಪು ಚೆಂಡು, ಇನ್ನೊಂದು ಕಡೆಯವರು ಆರು ನೀಲಿ ಚೆಂಡನ್ನು ಆ ಬಿಳಿ ಚೆಂಡಿಗೆ ಆದಷ್ಟು ಹತ್ತಿರ ಕಳಿಸಬೇಕು. ಬಿಸಿ3 ಅನ್ನುವ ವರ್ಗದ ಆಟಗಾರರಿಗೆ ಕೈಯಿಂದ ಎಸೆಯುವಷ್ಟು ಶಕ್ತಿ ಇರುವುದಿಲ್ಲ. ಅವರು ಇಳಿಜಾರಾದ ಒಂದು ಉದ್ದನೆಯ ಜಾರುಪಟ್ಟಿಯ ಮೇಲಿಂದ ಚೆಂಡು ಬಿಡುತ್ತಾರೆ, ಕೆಲವರು ತಲೆಗೆ ಕಟ್ಟಿಕೊಂಡ ಕಡ್ಡಿಯಿಂದ. ಜಾರುಪಟ್ಟಿ ಹಿಡಿಯಲು ಒಬ್ಬ ಸಹಾಯಕ ಇರುತ್ತಾನೆ. ಅವನು ಅಂಕಣಕ್ಕೆ ಬೆನ್ನು ಹಾಕಿ ಕೂರಬೇಕು. ಚೆಂಡು ಎಲ್ಲಿ ಹೋಯಿತು ಅಂತ ಆಟದ ನಡುವೆ ತಿರುಗಿ ನೋಡುವ ಹಾಗಿಲ್ಲ. ಆಟಗಾರ ಎಡಕ್ಕೆ ಅಂದರೆ ಎಡಕ್ಕೆ, ಇನ್ನೂ ಸ್ವಲ್ಪ ಮೇಲೆ ಅಂದರೆ ಮೇಲೆ. ಸಲಹೆ ಕೊಡುವಂತಿಲ್ಲ. ಕೈ ಸಹಾಯಕನದು, ಗುರಿ ಪೂರ್ತಿ ಆಟಗಾರನದು.

ಹೊಸ ಸ್ವಯಂಸೇವಕರೆಲ್ಲ ಒಂದು ಸಂಜೆಯಾದರೂ ಆ ಕುರ್ಚಿಯಲ್ಲಿ ಕೂರಬೇಕು ಅನ್ನುವುದು ನನ್ನ ಆಸೆ. ಬೇರೆ ಆಟಗಳಲ್ಲೂ ಇದೇ ತತ್ವ ನಿಯಮವಾಗಿ ಕೂತಿದೆ. ದೃಷ್ಟಿ ಇಲ್ಲದ ಓಟಗಾರರೂ ಜೊತೆಗಾರರೂ ಒಂದು ಚಿಕ್ಕ ಹಗ್ಗದ ಎರಡು ತುದಿ ಹಿಡಿದು ಓಡುತ್ತಾರೆ. ಜೊತೆಗಾರ ಎಳೆಯುವಂತಿಲ್ಲ, ಗೆರೆಯನ್ನು ಓಟಗಾರನೇ ಮೊದಲು ದಾಟಬೇಕು.

ದಿನನಿತ್ಯದ ನಡವಳಿಕೆಗೂ ಇದೇ ಅಳತೆ. ವೀಲ್‌ಚೇರನ್ನು ಕೇಳದೆ ಮುಟ್ಟಬೇಡಿ, ತಳ್ಳಬೇಡಿ, ಅದರ ಮೇಲೆ ಒರಗಬೇಡಿ. ಅದು ಅವರ ಮೈಯ ಭಾಗವಿದ್ದ ಹಾಗೆ. ದೃಷ್ಟಿ ಇಲ್ಲದವರ ಕೈ ಹಿಡಿದು ಎಳೆಯುವ ಬದಲು ನಿಮ್ಮ ಮೊಣಕೈ ಕೊಡಿ, ಅವರೇ ಹಿಡಿದುಕೊಳ್ಳಲಿ. ಹತ್ತಿರ ಹೋದಾಗ ನಿಮ್ಮ ಹೆಸರು ಹೇಳಿ, ಬಿಟ್ಟು ಹೋಗುವಾಗಲೂ ಹೇಳಿ ಹೋಗಿ. ಕಿವಿ ಕೇಳಿಸದವರ ಮುಂದೆ ಬೆಳಕು ನಿಮ್ಮ ಮುಖದ ಮೇಲೆ ಬೀಳುವಂತೆ ನಿಲ್ಲಿ. ಅಲ್ಲಿ ಸೀಟಿ ಊದಿ ಪ್ರಯೋಜನ ಇಲ್ಲ, ಬಾವುಟ ಎತ್ತಬೇಕು ಅಥವಾ ದೀಪ ಮಿಟುಕಿಸಬೇಕು. ಬೌದ್ಧಿಕ ಅಸಾಮರ್ಥ್ಯ ಇರುವವರಿಗೆ ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ, ಮಾಡಿ ತೋರಿಸಿ, ಆಮೇಲೆ ಕಾಯಿರಿ. ಈ ಕಾಯುವುದಿದೆಯಲ್ಲ, ಅದನ್ನು ಅಭ್ಯಾಸ ಮಾಡಬೇಕು. ಉತ್ತರ ತಡವಾಯಿತು ಅಂತ ನಾವು ಮತ್ತೆ ಮತ್ತೆ ಬೇರೆ ಬೇರೆ ಮಾತಲ್ಲಿ ಹೇಳಿದರೆ ಅವರು ಪ್ರತಿ ಸಲ ಮೊದಲಿಂದ ಅರ್ಥ ಮಾಡಿಕೊಳ್ಳಬೇಕಾಗುತ್ತದೆ.

ಎಲ್ಲಕ್ಕಿಂತ ಮುಖ್ಯ, ಪ್ರಶ್ನೆಯನ್ನು ಆಟಗಾರರಿಗೇ ಕೇಳಿ. "ಇವರಿಗೆ ನೀರು ಬೇಕಾ?" ಅಂತ ಪಕ್ಕದಲ್ಲಿರುವ ಅಮ್ಮನನ್ನು ಕೇಳುವುದು ಎಷ್ಟು ಜನರಿಗೆ ಎಷ್ಟು ಸಲ ನೋವು ಕೊಟ್ಟಿದೆಯೋ.

ನಾಲ್ಕನೇ ಹೆಜ್ಜೆ: ಆಟವನ್ನು ಬಗ್ಗಿಸಲು ಕಲಿಯಿರಿ

ಕೋಚ್ ತರಬೇತಿಗಳಲ್ಲಿ ಹೆಚ್ಚಾಗಿ ಸಿಗುವ ಒಂದು ಸೂತ್ರ 'ಸ್ಟೆಪ್'. ನಾಲ್ಕು ವಿಷಯ ಬದಲಿಸಬಹುದು ಅನ್ನುತ್ತದೆ ಅದು: ಜಾಗ (ಸ್ಪೇಸ್), ಕೊಡುವ ಕೆಲಸ (ಟಾಸ್ಕ್), ಸಾಮಾನು (ಇಕ್ವಿಪ್‌ಮೆಂಟ್), ಜೊತೆಗಿರುವ ಜನ (ಪೀಪಲ್). ಕೇಳಲು ಸರಳ. ಆದರೆ ದೊಡ್ಡ ಸ್ಪರ್ಧೆಗಳ ನಿಯಮಗಳಲ್ಲೂ ಇದೇ ಯೋಚನೆ ಕಾಣುತ್ತದೆ.

ಕೂತು ಆಡುವ ವಾಲಿಬಾಲ್ ನೋಡಿ. ನಿಂತು ಆಡುವ ಅಂಕಣ 18 ಮೀಟರ್ ಉದ್ದ, 9 ಮೀಟರ್ ಅಗಲ. ಕೂತು ಆಡುವಾಗ 10 ಮೀಟರ್ ಉದ್ದ, 6 ಮೀಟರ್ ಅಗಲ. ಗಂಡಸರ ನೆಟ್ 2.43 ಮೀಟರ್‌ನಿಂದ 1.15 ಮೀಟರ್‌ಗೆ ಇಳಿಯುತ್ತದೆ. ವೀಲ್‌ಚೇರ್ ಟೆನಿಸ್‌ನಲ್ಲಿ ಅಂಕಣವನ್ನೂ ನೆಟ್ಟನ್ನೂ ಮುಟ್ಟಿಲ್ಲ, ಚೆಂಡು ಎರಡು ಸಲ ಪುಟಿಯಬಹುದು ಅಂತ ಮುಖ್ಯವಾಗಿ ಒಂದೇ ನಿಯಮ ಬದಲಿಸಿದ್ದಾರೆ. ಎರಡನೇ ಪುಟಿತ ಅಂಕಣದ ಹೊರಗಾದರೂ ಸರಿ. ದೃಷ್ಟಿ ಇಲ್ಲದವರು ಆಡುವ ಗೋಲ್‌ಬಾಲ್‌ನಲ್ಲಿ ಚೆಂಡಿನೊಳಗೆ ಗೆಜ್ಜೆ, ಎಲ್ಲ ಆಟಗಾರರ ಕಣ್ಣಿಗೂ ಪಟ್ಟಿ, ಗೆರೆಗಳ ಟೇಪಿನ ಕೆಳಗೆ ದಾರ. ಬೆರಳಿಟ್ಟು ಮುಟ್ಟಿದರೆ ತಾನು ಎಲ್ಲಿದ್ದೇನೆ ಅಂತ ಆಟಗಾರನಿಗೆ ಗೊತ್ತಾಗುತ್ತದೆ. ಆಟ ನಡೆಯುವಾಗ ನೋಡುವವರು ಪೂರ್ತಿ ಮೌನವಾಗಿರಬೇಕು.

ನಿಮ್ಮ ಹತ್ತಿರ ಗೆಜ್ಜೆಯ ಚೆಂಡು ಇಲ್ಲವೇ? ಮಾಮೂಲಿ ಫುಟ್‌ಬಾಲನ್ನು ತೆಳು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಉರುಳಿಸಿ. ಸರಸರ ಸದ್ದಿನಿಂದ ದಿಕ್ಕು ತಿಳಿಯುತ್ತದೆ. ಟೇಪು, ದಾರ ಯಾವ ಅಂಗಡಿಯಲ್ಲೂ ಸಿಗುತ್ತದೆ. ದುಡ್ಡಿಲ್ಲ ಅನ್ನುವ ಕಾರಣಕ್ಕೆ ಆಟ ಶುರು ಮಾಡದೆ ಕೂರಬೇಡಿ.

ಬದಲಾವಣೆ ಮಾಡುವಾಗ ಒಂದು ಸಲಕ್ಕೆ ಒಂದನ್ನೇ ಮಾಡಿ. ಎಸೆದ ಚೆಂಡು ಹಿಡಿಯಲಾಗುತ್ತಿಲ್ಲ ಅಂದರೆ ಮೊದಲು ಹತ್ತಿರ ಬನ್ನಿ. ಆಗಲೂ ಆಗದಿದ್ದರೆ ಮೆತ್ತನೆಯ, ದೊಡ್ಡ ಚೆಂಡು ತನ್ನಿ. ಎಲ್ಲವನ್ನೂ ಒಟ್ಟಿಗೆ ಸುಲಭ ಮಾಡಿಬಿಟ್ಟರೆ ಆಟದಲ್ಲಿ ಸವಾಲೇ ಉಳಿಯುವುದಿಲ್ಲ, ಆಡುವವರಿಗೆ ಅದು ತಕ್ಷಣ ಗೊತ್ತಾಗುತ್ತದೆ. ಸೋಲುವ ಅವಕಾಶ ಇಲ್ಲದ ಆಟ ಯಾರಿಗೂ ಇಷ್ಟ ಆಗುವುದಿಲ್ಲ, ಅಲ್ವಾ?

ಐದನೇ ಹೆಜ್ಜೆ: ಅಪಾಯ ಗುರುತಿಸಿ

ಪ್ರತಿ ಆಟಗಾರರ ಆರೋಗ್ಯದ ಮಾಹಿತಿ ಕ್ಲಬ್ ಹತ್ತಿರ ಇರಬೇಕು, ಆ ದಿನದ ಮುಖ್ಯ ಕೋಚ್‌ಗೆ ಗೊತ್ತಿರಬೇಕು. ಪ್ರಥಮ ಚಿಕಿತ್ಸೆಯ ಕೋರ್ಸಿನಲ್ಲಿ ಸಾಮಾನ್ಯವಾಗಿ ಹೇಳದ, ಆದರೆ ಇಲ್ಲಿ ಬೇಕಾಗುವ ಕೆಲವು ವಿಷಯಗಳನ್ನು ಹೇಳಲೇಬೇಕು.

ಬೆನ್ನುಹುರಿಗೆ ಪೆಟ್ಟಾದವರಿಗೆ ಪೆಟ್ಟಿನ ಕೆಳಗಿನ ಭಾಗದಲ್ಲಿ ಬೆವರುವುದು ಕಡಿಮೆ ಅಥವಾ ಇಲ್ಲವೇ ಇಲ್ಲ. ಹಾಗಾಗಿ ಬಿಸಿಲಲ್ಲಿ ಮೈ ಬೇಗ ಕಾಯುತ್ತದೆ. ನೆರಳು, ನೀರು ಚಿಮುಕಿಸುವ ಬಾಟಲಿ, ನಡುನಡುವೆ ವಿರಾಮ ಇಟ್ಟುಕೊಳ್ಳಿ. ಒಂದೇ ಕಡೆ ಒತ್ತಿ ಕೂತರೆ ಚರ್ಮ ಹುಣ್ಣಾಗುತ್ತದೆ, ನೋವು ಗೊತ್ತಾಗದ ಕಾರಣ ಅವರಿಗೆ ತಿಳಿಯುವುದೂ ಇಲ್ಲ. ಆಗಾಗ ಭಾರ ಬದಲಿಸಲು ಸಮಯ ಕೊಡಿ.

ಎದೆಯ ಮಟ್ಟದಲ್ಲಿ ಅಥವಾ ಅದಕ್ಕೂ ಮೇಲೆ ಬೆನ್ನುಹುರಿಗೆ ಪೆಟ್ಟಾದವರಿಗೆ ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಅನ್ನುವ ತುರ್ತು ಸ್ಥಿತಿ ಬರಬಹುದು. ತುಂಬಿದ ಮೂತ್ರಕೋಶ, ಮಡಚಿಕೊಂಡ ಕ್ಯಾತಿಟರ್ (ಮೂತ್ರ ಹೊರತರುವ ಕೊಳವೆ), ಬಿಗಿಯಾದ ಪಟ್ಟಿ, ಇಂಥ ಸಣ್ಣ ಕಾರಣವೇ ಸಾಕು. ರಕ್ತದೊತ್ತಡ ಇದ್ದಕ್ಕಿದ್ದಂತೆ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು, ಪೆಟ್ಟಿನ ಮೇಲಿನ ಭಾಗ ಬೆವರುವುದು ಇದರ ಗುರುತು. ಮಲಗಿಸಬೇಡಿ. ನೇರವಾಗಿ ಕೂರಿಸಿ, ಬಿಗಿ ಸಡಿಲಿಸಿ, ಕ್ಯಾತಿಟರ್ ನೋಡಿಕೊಳ್ಳಲು ಹೇಳಿ, ತಕ್ಷಣ ಇಳಿಯದಿದ್ದರೆ ಆಂಬುಲೆನ್ಸ್ ಕರೆಯಿರಿ.

ಮೂರ್ಛೆ (ಫಿಟ್ಸ್) ಬಂದವರ ಬಾಯಿಗೆ ಏನನ್ನೂ ಹಾಕಬೇಡಿ, ಕೈಕಾಲು ಅದುಮಿ ಹಿಡಿಯಬೇಡಿ. ತಲೆಯ ಕೆಳಗೆ ಮೆತ್ತನೆಯದು ಇಟ್ಟು ಗಡಿಯಾರ ನೋಡಿ. 5 ನಿಮಿಷ ದಾಟಿದರೆ ಆಂಬುಲೆನ್ಸ್ ಬೇಕು. ಡೌನ್ ಸಿಂಡ್ರೋಮ್ ಇರುವ ಕೆಲವರಿಗೆ ಕತ್ತಿನ ಮೇಲಿನ ಕೀಲು ಸಡಿಲ ಇರುತ್ತದೆ. ಲಾಗ ಹಾಕುವುದು, ತಲೆ ಮುಂದಾಗಿ ನೀರಿಗೆ ಜಿಗಿಯುವುದು ವೈದ್ಯರ ಒಪ್ಪಿಗೆ ಇಲ್ಲದೆ ಬೇಡ.

ಇನ್ನೊಂದು, ಯಾರೂ ಊಹಿಸದ್ದು: ಬಲೂನು. ನಿಧಾನವಾಗಿ ತೇಲುತ್ತದೆ ಅಂತ ಮಕ್ಕಳ ಆಟಕ್ಕೆ ಎಲ್ಲರೂ ಬಲೂನು ತರುತ್ತಾರೆ. ಆದರೆ ಸ್ಪೈನಾ ಬೈಫಿಡಾ (ಹುಟ್ಟುವಾಗಲೇ ಬೆನ್ನುಮೂಳೆ ಪೂರ್ತಿ ಮುಚ್ಚಿಕೊಳ್ಳದ ಸ್ಥಿತಿ) ಇರುವವರಲ್ಲಿ ಲೇಟೆಕ್ಸ್, ಅಂದರೆ ಬಲೂನಿನ ರಬ್ಬರಿನ ಅಲರ್ಜಿ ಹೆಚ್ಚು, ಅದು ಉಸಿರು ಕಟ್ಟಿಸುವಷ್ಟು ತೀವ್ರವಾಗಬಹುದು. ಬದಲಿಗೆ ಕಡಲತೀರದ ಪ್ಲಾಸ್ಟಿಕ್ ಚೆಂಡು ತನ್ನಿ, ಆಟ ಅಷ್ಟೇ ಚೆನ್ನಾಗಿರುತ್ತದೆ.

ಆರನೇ ಹೆಜ್ಜೆ: ಅರ್ಹತೆ ಗಳಿಸಿ

ಈಗ ಕೋರ್ಸಿನ ಮಾತು. ದೇಶದಿಂದ ದೇಶಕ್ಕೆ ಹೆಸರು ಬೇರೆ, ಆದರೆ ಮೆಟ್ಟಿಲುಗಳು ಹೆಚ್ಚುಕಡಿಮೆ ಒಂದೇ. ಮೊದಲು ಪ್ರಥಮ ಚಿಕಿತ್ಸೆ ಮತ್ತು ಸಿಪಿಆರ್ (ಹೃದಯ ನಿಂತವರಿಗೆ ಎದೆ ಒತ್ತಿ ಮಾಡುವ ತುರ್ತು ಉಪಚಾರ). ಅದರ ಜೊತೆಗೇ ಮಕ್ಕಳ ಹಾಗೂ ದುರ್ಬಲ ಸ್ಥಿತಿಯಲ್ಲಿರುವವರ ಸುರಕ್ಷತೆಯ ತರಬೇತಿ. ಆಮೇಲೆ ಎಲ್ಲರನ್ನೂ ಒಳಗೊಳ್ಳುವ ಕ್ರೀಡೆಯ ಬಗ್ಗೆ ಒಂದು ಸಣ್ಣ ಕೋರ್ಸ್. ಸ್ಪೆಷಲ್ ಒಲಿಂಪಿಕ್ಸ್ ಆನ್‌ಲೈನ್‌ನಲ್ಲೇ ಕೋಚ್‌ಗಳಿಗೆ ಪಾಠ ಇಟ್ಟಿದೆ, ಮನೆಯಿಂದಲೇ ಶುರು ಮಾಡಬಹುದು. ಇದಾದ ಮೇಲೆ ನಿಮ್ಮ ಆಟದ ಸಹಾಯಕ ಕೋಚ್ ಅಥವಾ ಮೊದಲ ಹಂತದ ಕೋಚ್ ಪರೀಕ್ಷೆ. ಇಲ್ಲಿ ಒಂದು ಸಲಹೆ: ವಿಕಲಚೇತನರ ಆಟವನ್ನು ಮಾತ್ರ ಕಲಿಸುವ ಕೋರ್ಸ್ ಸಿಗದಿದ್ದರೆ ಕಾಯಬೇಡಿ, ಆಯಾ ಆಟದ ಮಾಮೂಲಿ ಕೋಚ್ ಕೋರ್ಸ್ ಮಾಡಿ. ಈಜಿನ ತಂತ್ರ ಚೆನ್ನಾಗಿ ಗೊತ್ತಿದ್ದವರೇ ಅದನ್ನು ಒಂದು ಕೈ ಇರುವ ಈಜುಗಾರನಿಗೆ ಹೊಂದಿಸಬಲ್ಲರು.

ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ವಿಚಾರಿಸಿ. ಆ ಆಟದ ರಾಷ್ಟ್ರೀಯ ಸಂಸ್ಥೆ ಈ ಪತ್ರವನ್ನು ಮಾನ್ಯ ಮಾಡುತ್ತದೆಯೇ? ಮೈದಾನದಲ್ಲಿ ಕಲಿಸಿ ತೋರಿಸುವ ಪರೀಕ್ಷೆ ಇದೆಯೇ, ಬರೀ ವಿಡಿಯೋ ನೋಡಿ ಮುಗಿಸುವುದೇ? ಪಾಠ ಹೇಳುವವರಲ್ಲಿ ವಿಕಲಚೇತನರು ಇದ್ದಾರೆಯೇ? ಎಷ್ಟು ವರ್ಷಕ್ಕೆ ನವೀಕರಿಸಬೇಕು? ಮೂರನೇ ಪ್ರಶ್ನೆಗೆ ಇಲ್ಲ ಅನ್ನುವ ಉತ್ತರ ಬಂದರೆ, ಮತ್ತೊಂದು ಕೋರ್ಸ್ ಇದೆಯಾ ಅಂತ ನಾನು ಹುಡುಕುತ್ತೇನೆ.

ಮೊದಲ ದಿನದಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಎಷ್ಟು ಗಂಟೆ, ಯಾವ ಆಟ, ನೀವು ಮಾಡಿದ್ದೇನು, ಯಾವ ಬದಲಾವಣೆ ಕೆಲಸ ಮಾಡಿತು, ಯಾವುದು ಮಾಡಲಿಲ್ಲ. ಮುಖ್ಯ ಕೋಚ್ ಸಹಿ ಹಾಕಿಸಿಕೊಳ್ಳಿ. ಹಲವು ಪರೀಕ್ಷೆಗಳಿಗೆ ಅನುಭವದ ದಾಖಲೆ ಕೇಳುತ್ತಾರೆ, ಆಗ ನೆನಪಿನಿಂದ ಬರೆಯಲು ಆಗುವುದಿಲ್ಲ. ಆಟಗಾರರ ಆರೋಗ್ಯದ ವಿವರ ಮಾತ್ರ ಅದರಲ್ಲಿ ಬರೆಯಬೇಡಿ.

ಕೋಚ್ ಆಗುವುದೊಂದೇ ದಾರಿ ಅಲ್ಲ. ರೆಫ್ರಿ, ಸಮಯ ನೋಡುವವರು, ಅಂಕ ಬರೆಯುವವರು ಸದಾ ಕಡಿಮೆ ಇರುತ್ತಾರೆ. ಇನ್ನೊಂದು ದಾರಿ ವರ್ಗೀಕರಣ, ಅಂದರೆ ಯಾರು ಯಾವ ವರ್ಗದಲ್ಲಿ ಆಡಬೇಕು ಅಂತ ನಿರ್ಧರಿಸುವುದು. ಅದರಲ್ಲಿ ವೈದ್ಯರು, ಫಿಸಿಯೋಥೆರಪಿಸ್ಟ್‌ಗಳ ಜೊತೆಗೆ ಆಟದ ತಂತ್ರ ಬಲ್ಲವರೂ ಬೇಕು. ವೀಲ್‌ಚೇರ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಪ್ರತಿಯೊಬ್ಬರಿಗೂ 1.0ಯಿಂದ 4.5ರವರೆಗೆ ಒಂದು ಅಂಕ ಇರುತ್ತದೆ, ದೇಹದ ಚಲನೆ ಕಡಿಮೆ ಇದ್ದಷ್ಟೂ ಅಂಕ ಕಡಿಮೆ. ಅಂತರರಾಷ್ಟ್ರೀಯ ಪಂದ್ಯದಲ್ಲಿ ಅಂಕಣದಲ್ಲಿರುವ ಐವರ ಮೊತ್ತ 14 ದಾಟಬಾರದು. 4.5, 4.0, 2.5, 2.0, 1.0 ಸೇರಿದರೆ ಸರಿಯಾಗಿ 14. ಈಗ 1.0 ಆಟಗಾರ್ತಿ ಹೊರಗೆ ಬಂದರೆ ಅವಳ ಜಾಗಕ್ಕೆ ಇನ್ನೊಬ್ಬ 1.0 ಮಾತ್ರ ಹೋಗಬಹುದು. ಹಾಗಾಗಿ ತಂಡದಲ್ಲಿ ಅವಳ ಬೆಲೆ ದೊಡ್ಡದು. ಹೆಚ್ಚು ಅಸಾಮರ್ಥ್ಯ ಇರುವವರನ್ನು ಬೆಂಚಿನಲ್ಲಿ ಕೂರಿಸದಂತೆ ಲೆಕ್ಕವೇ ನೋಡಿಕೊಳ್ಳುತ್ತದೆ. ಈ ನಿಯಮ ನನಗೆ ತುಂಬಾ ಇಷ್ಟ.

ಏಳನೇ ಹೆಜ್ಜೆ: ಮುಂದೆ ನಿಲ್ಲಿ, ಆಮೇಲೆ ಜಾಗ ಬಿಡಿ

ಮೊದಲ ಸಲ ತರಬೇತಿ ನಡೆಸುವಾಗ ಚಿಕ್ಕದಾಗಿ ಯೋಜಿಸಿ. ಮೈ ಬೆಚ್ಚಗಾಗಿಸುವ ಹತ್ತು ನಿಮಿಷ ಮಾತ್ರ ನನಗೆ ಕೊಡಿ ಅಂತ ಮುಖ್ಯ ಕೋಚ್‌ರನ್ನು ಕೇಳಿ. ಪ್ರತಿ ಚಟುವಟಿಕೆಗೂ ಒಂದು ಸುಲಭದ, ಒಂದು ಕಷ್ಟದ ರೂಪ ಬರೆದಿಟ್ಟುಕೊಳ್ಳಿ. ಮುಗಿದ ಮೇಲೆ ಆಟಗಾರರನ್ನು ಕೇಳಿ: ಯಾವುದು ಚೆನ್ನಾಗಿತ್ತು, ಮುಂದಿನ ಸಲ ಏನು ಬೇಡ? ಮಾತಾಡದವರಿಗೆ ಚಿತ್ರ ತೋರಿಸಿ ಕೇಳಿ. ಫೋಟೋ ತೆಗೆದು ಹಾಕುವ ಮುಂಚೆ ಒಪ್ಪಿಗೆ ಪಡೆಯಿರಿ.

ಇದನ್ನು ಓದುತ್ತಿರುವ ನೀವೇ ವಿಕಲಚೇತನರಾಗಿರಬಹುದು. ಹಾಗಿದ್ದರೆ ಈ ಕೆಲಸಕ್ಕೆ ನಿಮ್ಮ ಅಗತ್ಯ ಎಲ್ಲರಿಗಿಂತ ಹೆಚ್ಚು. 2006ರಲ್ಲಿ ವಿಶ್ವಸಂಸ್ಥೆ ಒಪ್ಪಿದ ವಿಕಲಚೇತನರ ಹಕ್ಕುಗಳ ಒಪ್ಪಂದದ 30ನೇ ವಿಧಿ, ಕ್ರೀಡೆಯನ್ನು ಸಂಘಟಿಸುವ, ಬೆಳೆಸುವ, ಅದರಲ್ಲಿ ಭಾಗವಹಿಸುವ ಅವಕಾಶ ವಿಕಲಚೇತನರಿಗೆ ಇರಬೇಕು ಅನ್ನುತ್ತದೆ. ಆ ಸಾಲಿನಲ್ಲಿ ಸಂಘಟನೆಯೇ ಮೊದಲು ಬರುತ್ತದೆ. ಕೋರ್ಸಿಗೆ ಅರ್ಜಿ ಹಾಕುವಾಗಲೇ ನಿಮಗೆ ಬೇಕಾದ ಅನುಕೂಲ ಬರೆಯಿರಿ: ಸನ್ನೆ ಭಾಷೆಯ ದುಭಾಷಿ, ದೊಡ್ಡಕ್ಷರದ ಪುಸ್ತಕ, ಬರೆಯುವ ಬದಲು ಬಾಯಿ ಪರೀಕ್ಷೆ, ಹೆಚ್ಚಿನ ಸಮಯ. ಮಾಡಿ ತೋರಿಸು ಅಂತ ಪರೀಕ್ಷಕರು ಕೇಳಿದರೆ, ನೀವು ಮಾತಿನಲ್ಲಿ ವಿವರಿಸಿ ಇನ್ನೊಬ್ಬರಿಂದ ಮಾಡಿಸಬಹುದೇ ಅಂತ ಮುಂಚೆಯೇ ಮಾತಾಡಿಕೊಳ್ಳಿ.

ವಿಕಲಚೇತನರಲ್ಲದ ಕೋಚ್‌ಗಳು ಮಾಡಬೇಕಾದ್ದು ಇಲ್ಲೇ ಇದೆ. ಸ್ಪೆಷಲ್ ಒಲಿಂಪಿಕ್ಸ್‌ನಲ್ಲಿ ಆಟಗಾರರನ್ನೇ ಭಾಷಣಕಾರರಾಗಿ, ಸಮಿತಿ ಸದಸ್ಯರಾಗಿ, ಕೋಚ್‌ಗಳಾಗಿ ಬೆಳೆಸುವ ಕಾರ್ಯಕ್ರಮವೇ ಇದೆ. ನಿಮ್ಮ ಕ್ಲಬ್‌ನಲ್ಲೂ ಇದನ್ನು ಚಿಕ್ಕದಾಗಿ ಮಾಡಬಹುದು. ಒಬ್ಬರಿಗೆ ಸೀಟಿ ಕೊಡಿ, ಇನ್ನೊಬ್ಬರಿಗೆ ತಂಡ ಆರಿಸುವ ಕೆಲಸ ಕೊಡಿ, ಮತ್ತೊಬ್ಬರು ಹೊಸಬರಿಗೆ ನಿಯಮ ಹೇಳಿಕೊಡಲಿ. ಅವರು ಅರ್ಧದಲ್ಲಿ ತಡವರಿಸಿದಾಗ ಮಧ್ಯೆ ಬಾಯಿ ಹಾಕಬೇಡಿ. ಬೊಚ್ಚಾದ ಸಹಾಯಕನ ಹಾಗೆ ಕೇಳುವವರೆಗೆ ಕಾಯಿರಿ.

ಬಿಡಬೇಕಾಗಿ ಬಂದರೂ ಹೇಳಿಯೇ ಬಿಡಿ. ಕೆಲಸ, ಮನೆ, ಆರೋಗ್ಯ, ಕಾರಣ ಯಾವುದೇ ಇರಲಿ, ತಟ್ಟನೆ ಮಾಯವಾಗುವ ಸ್ವಯಂಸೇವಕರಿಂದ ಆಟಗಾರರಿಗೆ ಆಗುವ ಬೇಸರ ಸಣ್ಣದಲ್ಲ. ಒಂದು ತಿಂಗಳ ಮುಂಚೆ ತಿಳಿಸಿ, ಎಲ್ಲರನ್ನೂ ಖುದ್ದಾಗಿ ಭೇಟಿಯಾಗಿ ಹೇಳಿ. ಯಾರಿಗೆ ಯಾವ ಚೆಂಡು ಸರಿ, ಯಾರಿಗೆ ಎಡಗಡೆಯಿಂದ ಮಾತಾಡಿಸಬೇಕು, ಯಾರಿಗೆ ನಡುವೆ ವಿರಾಮ ಬೇಕು ಅನ್ನುವುದನ್ನು ಅವರವರನ್ನೇ ಕೇಳಿ ಬರೆದು, ಮುಂದೆ ಬರುವವರ ಕೈಗೆ ಕೊಟ್ಟು ಹೋಗಿ.